ಟೊಮೇಟೊ ಹಣ್ಣಿನ ಬಣ್ಣದ ಲೆಕ್ಕ

ಇಂದು ನಮ್ಮ ಮನೆಗಳಲ್ಲಿ ಟೊಮೇಟೊ ಇಲ್ಲದೆ ಒಲೆ ಹೊತ್ತುವುದೇ ಇಲ್ಲವೆಂದರೆ ಅದು ಅತಿಶಯೋಕ್ತಿಯಾಗಲಾರದು. ಸಾರಿಗೆ ಟೊಮೇಟೊ, ಗೊಜ್ಜಿಗೆ ಟೊಮೇಟೊ, ಮನೆಯಲ್ಲಿ ಹುಣಿಸೆಹಣ್ಣು ತೀರಿದ ದಿನ ಹುಳಿಗೂ ಟೊಮೇಟೊ. ಅಮೆರಿಕ ಖಂಡದಿಂದ ಬಂದ ಈ ಹಣ್ಣನ್ನು ನಮ್ಮ ಹಿರಿಯರು ಬದನೆಯ ಬಳಗಕ್ಕೆ ಸೇರಿಸಿ ಚಪ್ಪರಬದನೆ ಎಂದು ಕರೆದುದುಂಟು. ಅದು ತಪ್ಪು ಹೆಸರೂ ಅಲ್ಲ. ಸಸ್ಯಶಾಸ್ತ್ರದ ಪ್ರಕಾರ ಬದನೆ ಟೊಮೇಟೊಗಳು ಒಂದೇ ಮನೆತನದವು. ಬಹುಕಾಲ ಅದನ್ನು ಪರದೇಶದ ಪದಾರ್ಥವೆಂದು ಅನುಮಾನದಿಂದ ನೋಡಿದವರೂ ಇದ್ದರು. ಶ್ರಾದ್ಧದ ಅಡಿಗೆಗೆ ಇಂದಿಗೂ ಅದನ್ನು ಸೇರಿಸದ ಮನೆಗಳುಂಟು. ಆದರೂ ಬಡವ ಬಲ್ಲಿದರೆನ್ನದೆ ಎಲ್ಲರ ಅಡಿಗೆಮನೆಯನ್ನೂ ಅದು ಸೇರಿಬಿಟ್ಟಿದೆ.

ಹೀಗೆ ಎಲ್ಲರ ತಟ್ಟೆಗೂ ಬರುವ ಹಣ್ಣಿನ ಮೇಲೆ ವಿಜ್ಞಾನಿಗಳ ಕಣ್ಣು ಬಿದ್ದುದು ಸಹಜವೇ. ಮೂರು ದಶಕಗಳಿಗೂ ಮೇಲ್ಪಟ್ಟು ಇಂಗ್ಲೆಂಡ್, ಇಟಲಿ, ಜರ್ಮನಿ, ಚೀನಾ ಮೊದಲಾದ ದೇಶಗಳ ಪ್ರಯೋಗಶಾಲೆಗಳಲ್ಲಿ ಟೊಮೇಟೊ ಗಿಡದ ವಂಶವಾಹಿಗಳನ್ನು, ಎಂದರೆ ಜೀನುಗಳನ್ನು, ಬದಲಿಸಿ ಹಣ್ಣಿನಲ್ಲಿರುವ ಕೆರೊಟಿನಾಯಿಡ್ ಎಂಬ ವರ್ಣದ್ರವ್ಯಗಳನ್ನು ಹೆಚ್ಚಿಸುವ ಪ್ರಯತ್ನ ನಡೆದಿದೆ. ಇಂತಹ ಬೆಳೆಗಳ ಸುದ್ದಿ ಬಂದಾಗಲೆಲ್ಲ ಒಬ್ಬರು ಅದನ್ನು ಅಮೃತವೆನ್ನುವರು, ಮತ್ತೊಬ್ಬರು ವಿಷವೆನ್ನುವರು. ಈ ಎರಡು ಮಾತುಗಳನ್ನೂ ಸ್ವಲ್ಪ ಹೊತ್ತು ಬದಿಗಿಟ್ಟು, ಆ ಗಿಡಗಳಲ್ಲಿ ನಿಜವಾಗಿ ನಡೆದುದೇನು ಎಂಬುದನ್ನು ನೋಡಿದರೆ, ಸಂಸಾರಸ್ಥರಾದ ನಮಗೂ ಬೇಕಾದ ಒಂದು ತಿಳಿವಳಿಕೆ ಅದರಲ್ಲಿ ದೊರೆಯುವುದು.

ಬಣ್ಣಕ್ಕೇಕೆ ಇಷ್ಟು ಬೆಲೆ?

ಕ್ಯಾರೆಟ್ಟಿನ ಕಿತ್ತಳೆ ಬಣ್ಣ, ಮಾವಿನ ಹಳದಿ, ಟೊಮೇಟೊವಿನ ಕೆಂಪು, ಇವೆಲ್ಲ ಕೆರೊಟಿನಾಯಿಡ್‌ಗಳ ಕೆಲಸ. ಹಸಿರು ಸೊಪ್ಪಿನಲ್ಲಿಯೂ ಅವು ಉಂಟು. ಆದರೆ ಎಲೆಯ ಹಸಿರು ಅವನ್ನು ಮರೆಮಾಡುತ್ತದೆ. ಇವುಗಳಲ್ಲಿ ಬೀಟಾ ಕೆರೊಟೀನ್ ಎಂಬುದು ನಮಗೆ ಬಹು ಮುಖ್ಯವಾದದ್ದು. ಅದು ದೇಹದೊಳಗೆ ಹೋಗಿ ಎ ಜೀವಸತ್ವವಾಗಿ ಮಾರ್ಪಡುತ್ತದೆ. ಈ ಜೀವಸತ್ವದ ಕೊರತೆಯಾದರೆ ಮೊದಲು ಇರುಳುಗಣ್ಣು ಬರುವುದು. ಮುಸ್ಸಂಜೆಯಾದೊಡನೆ ಮಗು ತಡವರಿಸತೊಡಗುವುದು. ಕೊರತೆ ಮುಂದುವರಿದರೆ ಕಣ್ಣೇ ಹೋಗಬಹುದು, ರೋಗಗಳನ್ನು ತಡೆಯುವ ಶಕ್ತಿಯೂ ಕುಂದುವುದು. ನಮ್ಮ ದೇಶದಲ್ಲಿ ಸಣ್ಣ ಮಕ್ಕಳಿಗೆ ಎ ಜೀವಸತ್ವವನ್ನು ಬಾಯಿಗೆ ಹಾಕುವ ಸರಕಾರಿ ಕಾರ್ಯಕ್ರಮ ೧೯೭೦ರಲ್ಲಿಯೇ ಆರಂಭವಾದದ್ದು ಈ ಕಾರಣದಿಂದ.

ಟೊಮೇಟೊವಿಗೆ ಕೆಂಪು ಬಣ್ಣ ಕೊಡುವುದು ಬೀಟಾ ಕೆರೊಟೀನ್ ಅಲ್ಲ, ಲೈಕೊಪೀನ್ ಎಂಬ ಅದರ ಹತ್ತಿರದ ಬಂಧು. ಕೆಂಪು ಟೊಮೇಟೊವಿನ ಕೆರೊಟಿನಾಯಿಡ್‌ಗಳಲ್ಲಿ ಬಹುಪಾಲು ಲೈಕೊಪೀನೇ. ನೋಟಕ್ಕೆ ಸೊಗಸಾದರೂ ಅದು ನಮ್ಮ ದೇಹದಲ್ಲಿ ಎ ಜೀವಸತ್ವವಾಗಲಾರದು. ನೂರು ಗ್ರಾಂ ಟೊಮೇಟೊದಲ್ಲಿ ಬೀಟಾ ಕೆರೊಟೀನ್ ಇರುವುದು ಅರ್ಧ ಮಿಲಿಗ್ರಾಮಿಗಿಂತ ತುಸು ಕಡಿಮೆ. ಅಷ್ಟೇ ತೂಕದ ಕ್ಯಾರೆಟ್ಟಿನಲ್ಲಿ ಸುಮಾರು ೮ ಮಿಲಿಗ್ರಾಂ. ಬಂಧು ಕೈಯಲ್ಲಿ ಅಷ್ಟೊಂದು ಇರುವಾಗ ಅದನ್ನು ಬೇಕಾದ ರೂಪಕ್ಕೆ ತಿರುಗಿಸಿಕೊಂಡರೆ ಆಗದೆ? ಇದು ವಿಜ್ಞಾನಿಗಳ ಮುಂದಿದ್ದ ಪ್ರಶ್ನೆ.

ಬಣ್ಣ ಹುಟ್ಟುವ ಬಗೆ

ಕಚೇರಿಯಲ್ಲಿ ಒಂದು ಕಡತ ಮೇಜಿನಿಂದ ಮೇಜಿಗೆ ಸಾಗಿ, ಒಬ್ಬೊಬ್ಬ ಗುಮಾಸ್ತನ ಕೈಯಲ್ಲಿ ಸ್ವಲ್ಪ ಸ್ವಲ್ಪ ಬದಲಾಗಿ, ಕೊನೆಗೆ ಆಜ್ಞೆಯಾಗಿ ಹೊರಬೀಳುವುದನ್ನು ನಾನು ದಿನವೂ ಕಾಣುತ್ತೇನೆ. ಹಣ್ಣಿನೊಳಗೆ ಬಣ್ಣ ಹುಟ್ಟುವುದೂ ಹೆಚ್ಚುಕಡಿಮೆ ಹಾಗೆಯೇ. ಇಲ್ಲಿ ಗುಮಾಸ್ತರ ಬದಲು ಕಿಣ್ವಗಳು ಇರುತ್ತವೆ. ಒಂದೊಂದು ಕಿಣ್ವಕ್ಕೆ ಒಂದೊಂದೇ ಕೆಲಸ. ಆ ಕಿಣ್ವವನ್ನು ಹೇಗೆ ಕಟ್ಟಬೇಕೆಂಬ ಬರಹವೇ ಜೀನು.

ಮೊದಲ ಮೇಜಿನಲ್ಲಿ ಇಪ್ಪತ್ತು ಇಂಗಾಲದ ಪರಮಾಣುಗಳುಳ್ಳ ಮೂಲವಸ್ತುವಿನ ಎರಡು ಅಣುಗಳು ಸೇರಿ, ನಲವತ್ತು ಇಂಗಾಲಗಳ ಫೈಟೋಯೀನ್ ಎಂಬ ಬಣ್ಣವಿಲ್ಲದ ವಸ್ತುವಾಗುತ್ತದೆ. ಈ ಕೆಲಸ ಮಾಡುವ ಕಿಣ್ವಕ್ಕೆ ಫೈಟೋಯೀನ್ ಸಿಂಥೇಸ್ ಎಂದು ಹೆಸರು. ಬಳಿಕ ನಾಲ್ಕು ಕಿಣ್ವಗಳು ಒಂದಾದ ಮೇಲೊಂದು ಅದನ್ನು ತಿದ್ದಿ ಕೆಂಪು ಲೈಕೊಪೀನನ್ನಾಗಿ ಮಾಡುತ್ತವೆ. ಲೈಕೊಪೀನ್ ಉದ್ದನೆಯ ದಾರದಂತಹ ಅಣು. ಇನ್ನೊಂದು ಕಿಣ್ವ ಬಂದು ಆ ದಾರದ ಎರಡು ತುದಿಗಳನ್ನೂ ಉಂಗುರದಂತೆ ಮಡಿಸಿದರೆ ಅದೇ ಬೀಟಾ ಕೆರೊಟೀನ್. ಎರಡರಲ್ಲಿಯೂ ಇರುವ ಪರಮಾಣುಗಳ ಸಂಖ್ಯೆ ಒಂದೇ. ಮಡಿಕೆ ಬೇರೆ, ಬಣ್ಣ ಬೇರೆ, ಗುಣವೂ ಬೇರೆ!

ಇಲ್ಲಿ ಇನ್ನೊಂದು ಸಂಗತಿಯನ್ನು ನೆನಪಿಡಬೇಕು. ಆ ಇಪ್ಪತ್ತು ಇಂಗಾಲಗಳ ಮೂಲವಸ್ತು ಬಣ್ಣಕ್ಕಾಗಿ ಮಾತ್ರ ಮೀಸಲಾದದ್ದಲ್ಲ. ಗಿಡವನ್ನು ಎತ್ತರಕ್ಕೆ ಬೆಳೆಸುವ ಜಿಬರೆಲಿನ್ ಎಂಬ ಚೋದಕ ವಸ್ತುವೂ ಅದರಿಂದಲೇ ಆಗಬೇಕು. ಎಲೆಯ ಹಸಿರಿನ ಒಂದು ಭಾಗವೂ ಅದರಿಂದಲೇ ಆಗಬೇಕು. ಒಂದೇ ಸಂಬಳದಲ್ಲಿ ಬಾಡಿಗೆ, ದಿನಸಿ, ಶಾಲೆಯ ಫೀಜು ಮೂರೂ ನಡೆಯಬೇಕಾದ ಸಂಸಾರದಂತೆ ಎನ್ನೋಣ.

ಗಿಡ ಕೊಟ್ಟ ಉತ್ತರಗಳು

ಮೊದಲಿನ ಪ್ರಯೋಗ ಹೆಚ್ಚಿಸುವುದಕ್ಕಲ್ಲ, ಪರೀಕ್ಷಿಸುವುದಕ್ಕೆ. ೧೯೯೧ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಮಾಗುವ ಹಣ್ಣಿನಲ್ಲಿ ಕೆಲಸ ಮಾಡುವ ಒಂದು ಜೀನಿನ ಬಾಯಿ ಮುಚ್ಚಿಸಿದ ಫಲಿತಾಂಶವನ್ನು ಪ್ರಕಟಿಸಿದರು. ಹಣ್ಣು ಕೆಂಪಾಗದೆ ಹಳದಿಯಾಗಿಯೇ ಮಾಗಿತು. ಅದು ಬಣ್ಣದ ಮೊದಲ ಮೇಜಿನ ಜೀನು ಎಂಬುದು ಹೀಗೆ ಖಚಿತವಾಯಿತು.

ಹಾಗಾದರೆ ಆ ಜೀನನ್ನೇ ಹೆಚ್ಚಾಗಿ ದುಡಿಸಿದರೆ ಬಣ್ಣವೂ ಹೆಚ್ಚಬೇಕಲ್ಲವೆ? ಹಣ್ಣಿಗೆ ಮಾತ್ರವಲ್ಲದೆ ಬೇರು, ಕಾಂಡ, ಎಲೆ ಎಲ್ಲೆಡೆಯೂ ಸದಾ ಕೆಲಸ ಮಾಡುವಂತೆ ಅದನ್ನು ಟೊಮೇಟೊ ಗಿಡಕ್ಕೆ ಸೇರಿಸಿದರು. ೧೯೯೫ರಲ್ಲಿ ಪ್ರಕಟವಾದ ಇದರ ಫಲ ಯಾರೂ ಬಯಸಿದಂತಹದಲ್ಲ. ಗಿಡಗಳು ಕುಳ್ಳಾದವು! ಮೂಲವಸ್ತುವೆಲ್ಲ ಬಣ್ಣದ ಕಡೆಗೆ ಹರಿದುಹೋಗಿ, ಜಿಬರೆಲಿನ್ ಮಾಡಲು ಸಾಕಷ್ಟು ಉಳಿಯಲಿಲ್ಲ. ಜೀನು ಎಷ್ಟು ಜೋರಾಗಿ ದುಡಿಯಿತೋ ಗಿಡ ಅಷ್ಟು ಗಿಡ್ಡವಾಯಿತು. ಒಂದು ಬಾಬಿನ ಹಣವನ್ನು ಇನ್ನೊಂದು ಬಾಬಿಗೆ ವರ್ಗಾಯಿಸಿದರೆ ಮೊದಲಿನ ಬಾಬಿನಲ್ಲಿ ಖೋತಾ ಬೀಳುವುದು ತಪ್ಪದು ಎಂಬುದನ್ನು ಲೆಕ್ಕಪತ್ರ ಬರೆಯುವ ಯಾರೂ ಬಲ್ಲರು. ಗಿಡವೂ ಅದನ್ನೇ ಹೇಳಿತು.

ಮುಂದಿನ ಪ್ರಯತ್ನ ಲಂಡನ್ ನಗರದ ಹೊರವಲಯದ ರಾಯಲ್ ಹಾಲೊವೆ ಕಾಲೇಜಿನಲ್ಲಿ ಪೀಟರ್ ಬ್ರಾಮ್ಲಿ, ಪಾಲ್ ಫ್ರೇಸರ್ ಮತ್ತು ಅವರ ಸಂಗಡಿಗರದು. ಎರ್ವಿನಿಯ ಎಂಬ ಹಳದಿ ಬಣ್ಣದ ಬ್ಯಾಕ್ಟೀರಿಯ ಸಸ್ಯಗಳ ಮೇಲೆ ಬದುಕುತ್ತದೆ. ಅದರ ಬಣ್ಣದ ಜೀನುಗಳನ್ನು ಓದಿ ತಿಳಿಸಿದವರು ಜಪಾನಿನಲ್ಲಿ ಬಿಯರ್ ತಯಾರಿಸುವ ಕಿರಿನ್ ಕಂಪನಿಯ ಸಂಶೋಧಕರು. ಟೊಮೇಟೊದಲ್ಲಿ ನಾಲ್ಕು ಕಿಣ್ವಗಳು ಮಾಡುವ ಕೆಲಸವನ್ನು ಆ ಬ್ಯಾಕ್ಟೀರಿಯದ ಒಂದೇ ಕಿಣ್ವ ಮಾಡಿಮುಗಿಸುತ್ತದೆ. ಆ ಜೀನನ್ನು ಟೊಮೇಟೊವಿಗೆ ಸೇರಿಸಿದರೆ ಲೈಕೊಪೀನ್ ತುಂಬಿ ಹಣ್ಣು ಮತ್ತಷ್ಟು ಕೆಂಪಾಗುವುದೆಂದು ಯಾರಾದರೂ ಊಹಿಸುವರು. ೨೦೦೦ದಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಬೇರೆಯಾಗಿತ್ತು. ಹಣ್ಣು ಕಿತ್ತಳೆ ಬಣ್ಣಕ್ಕೆ ತಿರುಗಿತು. ಬೀಟಾ ಕೆರೊಟೀನ್ ಸುಮಾರು ಮೂರು ಪಟ್ಟಾಗಿ, ಒಟ್ಟು ಕೆರೊಟಿನಾಯಿಡ್‌ಗಳಲ್ಲಿ ನೂರಕ್ಕೆ ೪೫ರಷ್ಟನ್ನು ಮುಟ್ಟಿತು. ಆದರೆ ಒಟ್ಟು ಮೊತ್ತ ಹೆಚ್ಚಲಿಲ್ಲ. ಹೊಸಬನು ಬಂದುದನ್ನು ಕಂಡು ಮುಂದಿನ ಮೇಜಿನ ಹಳಬರು ಚುರುಕಾದರು, ಮೊದಲ ಮೇಜಿನವನು ಕೈ ಹಿಂದೆಗೆದನು ಎಂಬಂತಾಯಿತು. ಎ ಜೀವಸತ್ವದ ದೃಷ್ಟಿಯಿಂದ ಇದು ಲಾಭವೇ ಸರಿ. ಆದರೆ ಲಾಭ ಬಂದದ್ದು ನಿರೀಕ್ಷಿಸಿದ ಬಾಗಿಲಿನಿಂದಲ್ಲ.

ಅದೇ ಗುಂಪಿನವರು ೧೯೯೫ರ ಪಾಠವನ್ನು ಮನಸ್ಸಿನಲ್ಲಿಟ್ಟು, ೨೦೦೨ರಲ್ಲಿ ಇನ್ನೊಂದು ಫಲಿತಾಂಶವನ್ನು ತಿಳಿಸಿದರು. ಈ ಸಲ ಫೈಟೋಯೀನ್ ಸಿಂಥೇಸ್ ಜೀನನ್ನು ಬ್ಯಾಕ್ಟೀರಿಯದಿಂದ ತೆಗೆದು, ಹಣ್ಣು ಮಾಗುವ ಕಾಲದಲ್ಲಿ, ಹಣ್ಣಿನಲ್ಲಿ ಮಾತ್ರ ಕೆಲಸ ಮಾಡುವಂತೆ ಕಟ್ಟಿದ್ದರು. ಗಿಡ ಕುಳ್ಳಾಗಲಿಲ್ಲ, ಹಣ್ಣಿನ ಕೆರೊಟಿನಾಯಿಡ್‌ಗಳು ಎರಡರಿಂದ ನಾಲ್ಕು ಪಟ್ಟಿನವರೆಗೆ ಹೆಚ್ಚಿದವು. ಎಷ್ಟು ಎಂಬುದರ ಜೊತೆಗೆ ಎಲ್ಲಿ, ಯಾವಾಗ ಎಂಬುದನ್ನೂ ಗೊತ್ತುಮಾಡಿದ ಮೇಲೆಯೇ ಕೆಲಸ ಕೈಗೂಡಿತು.

ಇಟಲಿಯ ಮೆಟಪಾಂಟೊದಲ್ಲಿನ ಸಂಶೋಧಕರು ೨೦೦೪ರಲ್ಲಿ ಟೊಮೇಟೊವಿನದೇ ಆದ, ದಾರದ ತುದಿ ಮಡಿಸುವ ಜೀನನ್ನು ಬಲಪಡಿಸಿ ಲೈಕೊಪೀನನ್ನು ಬಹುಮಟ್ಟಿಗೆ ಪೂರ್ತಿಯಾಗಿ ಬೀಟಾ ಕೆರೊಟೀನ್ ಆಗಿ ತಿರುಗಿಸಿದರು. ಚೀನಾದ ಸಂಶೋಧಕರು ೨೦೧೮ರಲ್ಲಿ ಇದಕ್ಕೆ ವಿರುದ್ಧವಾದ ದಾರಿ ಹಿಡಿದರು. ಹೊರಗಿನಿಂದ ಏನನ್ನೂ ಕೂಡಿಸದೆ, ಕ್ರಿಸ್ಪರ್ ಎಂಬ ಜೀನು ತಿದ್ದುವ ಉಪಾಯದಿಂದ ಲೈಕೊಪೀನ್ ಖರ್ಚಾಗುವ ಬಾಗಿಲುಗಳನ್ನು ಮುಚ್ಚಿದರು. ಅದು ಸುಮಾರು ಐದು ಪಟ್ಟು ಹೆಚ್ಚಿತು. ಒಬ್ಬರಿಗೆ ಕಿತ್ತಳೆ, ಒಬ್ಬರಿಗೆ ಕೆಂಪು. ಎರಡನ್ನೂ ಒಂದೇ ಹಣ್ಣಿನಲ್ಲಿ ತುಂಬಿಸುವುದು ಮಾತ್ರ ಸುಲಭವಲ್ಲ. ಒಂದು ಇನ್ನೊಂದರಿಂದಲೇ ಆಗಬೇಕಲ್ಲ!

ಹಳೆಯ ದಾರಿಯೂ ಉಂಟು

ಜೀನುಗಳನ್ನು ಕೈಯಿಂದ ಮುಟ್ಟುವ ವಿದ್ಯೆ ಹುಟ್ಟುವುದಕ್ಕೆ ಮೊದಲೇ ಈ ಕೆಲಸ ಬೇರೊಂದು ಬಗೆಯಲ್ಲಿ ನಡೆದಿತ್ತು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ೧೯೫೦ರ ದಶಕದಲ್ಲಿಯೇ ಊರ ಟೊಮೇಟೊವನ್ನು ಅದರ ಕಾಡುಜಾತಿಯ ನೆಂಟನೊಡನೆ ಕೂಡಿಸಿ, ಬೀಟಾ ಕೆರೊಟೀನ್ ತುಂಬಿದ ಕಿತ್ತಳೆ ಬಣ್ಣದ ಕಾರೊ ರೆಡ್ ಎಂಬ ತಳಿಯನ್ನು ಬೆಳೆಸಿದ್ದರು. ಇಂತಹ ಕಿತ್ತಳೆ ಹಣ್ಣುಗಳ ಗುಟ್ಟು ಯಾವ ಜೀನಿನಲ್ಲಿದೆ ಎಂಬುದನ್ನು ಜೆರೂಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದವರು ೨೦೦೦ದಲ್ಲಿ ತೋರಿಸಿದರು. ಅದೂ ತುದಿ ಮಡಿಸುವ ಜೀನೇ! ಕಾರೊ ರೆಡ್ ಗುಣದಲ್ಲಿ ಕಡಿಮೆಯದೇನಲ್ಲ. ಆದರೂ ಕೆಂಪು ಟೊಮೇಟೊವಿನ ಪೀಠವನ್ನು ಅದು ಕಸಿದುಕೊಳ್ಳಲಿಲ್ಲ. ಹಣ್ಣು ಎಷ್ಟು ಒಳ್ಳೆಯದಾದರೂ ಕೊಳ್ಳುವವರ ಕಣ್ಣಿಗೆ ಒಪ್ಪಬೇಕಷ್ಟೆ.

ನಮ್ಮ ನಾಡಿನಲ್ಲಿಯೂ ಬೆಂಗಳೂರಿನ ಬಳಿಯ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ತಳಿಸಂಕರದಿಂದಲೇ ಅರ್ಕಾ ರಕ್ಷಕ್ ಎಂಬ ಟೊಮೇಟೊವನ್ನು ಹೊರತಂದಿದ್ದಾರೆ. ಅದು ಬಣ್ಣಕ್ಕಾಗಿಯಲ್ಲ, ಎಲೆ ಮುರುಟು, ಸೊರಗು, ಅಂಗಮಾರಿ ಎಂಬ ಮೂರು ರೋಗಗಳನ್ನು ತಾಳಿಕೊಳ್ಳುವುದಕ್ಕಾಗಿ. ಕೋಲಾರದ ಮಂಡಿಯಿಂದ ಲಾರಿ ತುಂಬಿಸಿ ಹೊರರಾಜ್ಯಗಳಿಗೆ ಹಣ್ಣು ಕಳುಹಿಸುವ ನಮ್ಮ ರೈತನಿಗೆ ಬಣ್ಣಕ್ಕಿಂತ ಇದೇ ಹೆಚ್ಚು ಅಗತ್ಯದ ಗುಣವಾಗಿರಬಹುದು.

ಭಯವೆಷ್ಟು, ಭರವಸೆಯೆಷ್ಟು?

ಈ ವಿಷಯ ನಮ್ಮ ಸಂಘದ ವಾಚನಾಲಯದಲ್ಲಿ ಮಾತಿಗೆ ಬಂದಾಗ ಹಿರಿಯರೊಬ್ಬರು, "ಅಲ್ಲಪ್ಪಾ, ಬ್ಯಾಕ್ಟೀರಿಯದ ಅಂಶವಿರುವ ಹಣ್ಣು ತಿಂದರೆ ಅದು ನಮ್ಮ ಮೈಯಲ್ಲಿ ಸೇರಿಕೊಳ್ಳುವುದಿಲ್ಲವೆ?" ಎಂದು ಕೇಳಿದರು. "ರಾಯರೆ, ದಿನವೂ ನೀವು ಮೊಸರನ್ನದಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಗಳನ್ನು ಜೀನುಗಳ ಸಮೇತ ಉಣ್ಣುತ್ತಿದ್ದೀರಿ" ಎಂದೆ. ಅವರು ನಕ್ಕರು. ಆದರೆ ಅವರ ಪ್ರಶ್ನೆ ನಗುವಂತಹದಲ್ಲ. ತಿಂದ ಜೀನು ಉಳಿದ ಆಹಾರದಂತೆಯೇ ಹೊಟ್ಟೆಯಲ್ಲಿ ಜೀರ್ಣವಾಗುವುದು ನಿಜ. ಪರೀಕ್ಷಿಸಬೇಕಾದದ್ದು, ಆ ಜೀನು ಹಣ್ಣಿನಲ್ಲಿ ತಯಾರಿಸುವ ಹೊಸ ಪದಾರ್ಥ ಯಾರಿಗಾದರೂ ಒಗ್ಗದೆ ಹೋಗುವುದೆ, ಒಂದು ಗುಣ ಹೆಚ್ಚಿದಾಗ ಇನ್ನಾವುದು ಕುಗ್ಗಿತು, ಬೀಜದ ಒಡೆತನ ಯಾರದು, ಪಕ್ಕದ ಹೊಲಕ್ಕೆ ಅದು ಹರಡುವುದೆ ಎಂಬಿವುಗಳನ್ನು. ಕುಳ್ಳಾದ ಗಿಡದ ಕತೆ ತಿಳಿದವರು ಈ ಪ್ರಶ್ನೆಗಳನ್ನು ಅಜ್ಞಾನವೆಂದು ತಳ್ಳಿಹಾಕಲಾರರು.

ನಮ್ಮ ದೇಶದಲ್ಲಿ ಕುಲಾಂತರಿ ಟೊಮೇಟೊವಿನ ಬೇಸಾಯಕ್ಕೆ ಅನುಮತಿ ಇಲ್ಲ. ದೊಡ್ಡ ಅಂಗಡಿಗಳಲ್ಲಿ ಕಾಣುವ ಹಳದಿ, ಕಿತ್ತಳೆ ಟೊಮೇಟೊಗಳು ಸಾಮಾನ್ಯ ತಳಿಗಳೇ. ಅವನ್ನು ಕಂಡು ಅಂಜಬೇಕಾಗಿಲ್ಲ. ಟೊಮೇಟೊವಿನ ಬಂಧುವಾದ ಬದನೆಯ ವಿಷಯದಲ್ಲಿ ೨೦೧೦ರಲ್ಲಿ ಬೆಂಗಳೂರು, ಹೈದರಾಬಾದು ಸೇರಿದಂತೆ ಏಳು ನಗರಗಳಲ್ಲಿ ಸಾರ್ವಜನಿಕ ವಿಚಾರಣೆ ನಡೆದು, ಕೀಟ ತಡೆಯುವ ಬಿಟಿ ಬದನೆಗೆ ಕೇಂದ್ರ ಸರಕಾರ ತಡೆ ಹಾಕಿತು. ಉಡುಪಿಯ ಮಟ್ಟುಗುಳ್ಳದ ಹೆಸರು ಆ ಕಾಲದ ಚರ್ಚೆಯಲ್ಲಿ ಕೇಳಿಬಂದದ್ದು ಅನೇಕ ವಾಚಕರಿಗೆ ನೆನಪಿರಬಹುದು. ಹೊರಗಿನ ಜೀನನ್ನು ಸೇರಿಸದೆ ತಿದ್ದಿದ ಬೆಳೆಗಳಿಗೆ ೨೦೨೨ರಲ್ಲಿ ನಿಯಮಗಳನ್ನು ಸಡಿಲಿಸಲಾಯಿತು. ೨೦೨೫ರ ಮೇ ತಿಂಗಳಲ್ಲಿ ಅಂತಹ ಎರಡು ಭತ್ತದ ತಳಿಗಳನ್ನು ಪ್ರಕಟಿಸಿದರು. ಆದುದರಿಂದ ಈ ಪ್ರಶ್ನೆ ದೂರದ ದೇಶದ್ದೆಂದು ನಾವು ಸುಮ್ಮನಿರುವಂತಿಲ್ಲ.

ಟೊಮೇಟೊವಿಗೆ ಬಳಸಿದ ಅದೇ ಎರ್ವಿನಿಯ ಜೀನು, ಅಕ್ಕಿಗೆ ಬಣ್ಣ ಕೊಟ್ಟ ಚಿನ್ನದ ಅಕ್ಕಿಯಲ್ಲಿಯೂ ಇದೆ. ಇಂಗೊ ಪೊಟ್ರಿಕುಸ್, ಪೀಟರ್ ಬೇಯರ್ ಎಂಬಿಬ್ಬರ ನೇತೃತ್ವದಲ್ಲಿ ಸಿದ್ಧವಾದ ಆ ಅಕ್ಕಿಯ ವರದಿ ೨೦೦೦ದಲ್ಲಿ ಹೊರಬಿತ್ತು. ಫಿಲಿಪೈನ್ಸ್ ಅದರ ಬೇಸಾಯಕ್ಕೆ ೨೦೨೧ರಲ್ಲಿ ಒಪ್ಪಿಗೆ ಕೊಟ್ಟಿತು. ೨೦೨೪ರಲ್ಲಿ ಅಲ್ಲಿನ ನ್ಯಾಯಾಲಯ ಅದನ್ನು ತಡೆಯಿತು. ಪ್ರಯೋಗಶಾಲೆಯಿಂದ ಮಗುವಿನ ಬಾಯಿಗೆ ಇರುವ ದೂರ ಇಷ್ಟು!

ಹೆಚ್ಚೆಂದರೆ ಒಳ್ಳೆಯದೆಂದೇನೂ ಇಲ್ಲ

ಬೀಟಾ ಕೆರೊಟೀನ್ ಒಳ್ಳೆಯದಾದರೆ ಅದನ್ನು ಗುಳಿಗೆ ಮಾಡಿ ನುಂಗಿದರಾಯಿತಲ್ಲ ಎಂದು ಯಾರಾದರೂ ಹೇಳಬಹುದು. ಫಿನ್‌ಲೆಂಡಿನಲ್ಲಿ ೨೯,೧೩೩ ಮಂದಿ ಸಿಗರೇಟು ಸೇದುವ ಗಂಡಸರ ಮೇಲೆ ಈ ಪರೀಕ್ಷೆ ನಡೆಯಿತು. ಕೆಲವರಿಗೆ ದಿನಕ್ಕೆ ೨೦ ಮಿಲಿಗ್ರಾಂ ಬೀಟಾ ಕೆರೊಟೀನ್ ಗುಳಿಗೆಯನ್ನು ವರ್ಷಗಟ್ಟಲೆ ಕೊಟ್ಟರು. ೧೯೯೪ರಲ್ಲಿ ಲೆಕ್ಕ ಹಾಕಿ ನೋಡಿದಾಗ, ಗುಳಿಗೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರು ಕಡಿಮೆಯಾಗುವ ಬದಲು ನೂರಕ್ಕೆ ೧೮ರಷ್ಟು ಹೆಚ್ಚಾಗಿತ್ತು. ಇದು ಗುಳಿಗೆಯ ಮಾತು, ತರಕಾರಿಯ ಮಾತಲ್ಲ. ಕ್ಯಾರೆಟ್ ತಿನ್ನುವವರು ಇದಕ್ಕೆ ಹೆದರಬೇಕಾಗಿಲ್ಲ. ಆದರೆ ಒಂದು ಸತ್ವವನ್ನು ಅದರ ಮನೆಯಿಂದ ಹೊರತೆಗೆದು ಮಿತಿಮೀರಿ ತುಂಬಿಸಿದರೆ ನಮ್ಮ ದೇಹವೂ ಟೊಮೇಟೊ ಗಿಡದಂತೆ ತನ್ನದೇ ಉತ್ತರ ಕೊಡುತ್ತದೆ.

ನಮ್ಮ ತಟ್ಟೆಯ ಲೆಕ್ಕ

ಈಗ ಸ್ವಲ್ಪ ಮನೆಯ ಲೆಕ್ಕ ನೋಡೋಣ. ಆಹಾರದಲ್ಲಿನ ಸುಮಾರು ೧೨ ಮಿಲಿಗ್ರಾಂ ಬೀಟಾ ಕೆರೊಟೀನ್ ಒಂದು ಮಿಲಿಗ್ರಾಂ ಎ ಜೀವಸತ್ವಕ್ಕೆ ಸಮವೆಂದು ಗಣಿಸುತ್ತಾರೆ. ದೊಡ್ಡವರಿಗೆ ದಿನಕ್ಕೆ ಹೆಚ್ಚುಕಡಿಮೆ ಅಷ್ಟು ಬೇಕು. ನೂರು ಗ್ರಾಂ ಸಾಮಾನ್ಯ ಟೊಮೇಟೊವಿನಿಂದ ಅದರ ಇಪ್ಪತ್ತನೆಯ ಒಂದು ಪಾಲೂ ದೊರೆಯದು. ಅದರಲ್ಲಿನ ಬೀಟಾ ಕೆರೊಟೀನನ್ನು ಮೂರು ಪಟ್ಟು ಮಾಡಿದರೂ ಅದು ಕ್ಯಾರೆಟ್ಟಿನ ಹತ್ತಿರ ಬಾರದು. ನುಗ್ಗೆ ಸೊಪ್ಪು, ದಂಟಿನ ಸೊಪ್ಪು, ಪಾಲಕ, ಮಾಗಿದ ಪರಂಗಿ, ಮಾವು ಇವೆಲ್ಲ ಈ ಕೆಲಸವನ್ನು ಸದ್ದಿಲ್ಲದೆ ಮಾಡುತ್ತ ಬಂದಿವೆ.

ಹೊರನಾಡಿನಲ್ಲಿ ನೆಲೆಸಿದ ನಮ್ಮ ಮನೆಗಳಲ್ಲಿ ಹೋಗುತ್ತಿರುವುದು ಇವುಗಳೇ. ಊರಿನಲ್ಲಿ ಹಿತ್ತಲಿಗೆ ಹೋಗಿ ಸೊಪ್ಪು ಕಿತ್ತು ತರುತ್ತಿದ್ದ ಕೈಗಳಿಗೆ ಇಲ್ಲಿ ಎರಡು ಕೋಣೆಯ ಮನೆ, ಬೆಳಗಿನ ಲೋಕಲ್ ಗಾಡಿಯ ಅವಸರ. ಸೊಪ್ಪು ಸೋಸುವುದಕ್ಕೆ ಹೊತ್ತು ಯಾರಿಗಿದೆ? ಹಾಗಾಗಿ ಈರುಳ್ಳಿ, ಆಲೂಗೆಡ್ಡೆ, ಟೊಮೇಟೊ ಈ ಮೂವರದೇ ರಾಜ್ಯ. ನಮ್ಮ ತಾಯಿ ಕಳೆದ ವರ್ಷ ಮುಂಬಯಿಗೆ ಬಂದು ತಿಂಗಳೊಪ್ಪತ್ತು ಇದ್ದವರು, "ಅಲ್ಲವೋ, ನಿಮ್ಮೂರಿನಲ್ಲಿ ಟೊಮೇಟೊ ಬಿಟ್ಟರೆ ಬೇರೆ ಏನೂ ಬೆಳೆಯೋದೇ ಇಲ್ಲವೇನೋ?" ಎಂದು ಕೇಳಿದರು. ಸಂಜೆ ತಾವೇ ಸ್ಟೇಷನ್ನಿನ ಹೊರಗಿನ ಸೊಪ್ಪಿನವಳ ಹತ್ತಿರ ಹೋಗಿ, ಭಾಷೆ ಬಾರದಿದ್ದರೂ ಕೈಸನ್ನೆಯಿಂದಲೇ ಚೌಕಾಸಿ ಮಾಡಿ, ಎರಡು ಕಟ್ಟು ನುಗ್ಗೆ ಸೊಪ್ಪು ತಂದರು. ಮಕ್ಕಳು ಮೊದಲ ದಿನ ಮುಖ ಸಿಂಡರಿಸಿದರು; ನಾಲ್ಕನೆಯ ದಿನ ಕೇಳಿ ಹಾಕಿಸಿಕೊಂಡರು.

ಟೊಮೇಟೊವನ್ನು ಬಿಡಬೇಕೆಂದು ಇದರ ಅರ್ಥವಲ್ಲ. ಲೈಕೊಪೀನ್ ರೋಗಗಳನ್ನು ತಡೆಯುವುದೆಂಬ ಮಾತು ಇನ್ನೂ ಖಚಿತವಾಗಿ ಸಿದ್ಧವಾಗಿಲ್ಲ. ಆದರೂ ಟೊಮೇಟೊ ಒಳ್ಳೆಯ ಹಣ್ಣು, ಅದರಲ್ಲಿ ಸಿ ಜೀವಸತ್ವವೂ ಉಂಟು. ಕೆರೊಟಿನಾಯಿಡ್‌ಗಳು ನೀರಿನಲ್ಲಿ ಕರಗವು, ಜಿಡ್ಡಿನಲ್ಲಿ ಕರಗುವುವು. ಅವುಗಳೊಡನೆ ಸ್ವಲ್ಪ ಎಣ್ಣೆಯೋ ತುಪ್ಪವೋ ಇದ್ದರೆ ದೇಹ ಅವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಹಸಿ ಟೊಮೇಟೊವಿಗಿಂತ ಬೇಯಿಸಿದ್ದರಿಂದ ಲೈಕೊಪೀನ್ ಹೆಚ್ಚು ದೊರೆಯುತ್ತದೆ. ಬೇಯಿಸಿ, ಕಿವುಚಿ, ತುಪ್ಪದ ಒಗ್ಗರಣೆ ಕೊಡುವ ನಮ್ಮ ಸಾರಿನ ಪದ್ಧತಿ ವಿಜ್ಞಾನಕ್ಕೆ ವಿರೋಧವಾದದ್ದಲ್ಲ.

ಕುಲಾಂತರಿ ಟೊಮೇಟೊ ನಾಳೆ ಸಂತೆಗೆ ಬಂದರೂ ಬರಬಹುದು. ಬಂದ ದಿನ ಕೈಮುಗಿಯುವುದೂ ಬೇಡ, ಕಲ್ಲೆಸೆಯುವುದೂ ಬೇಡ. ಇದರಲ್ಲಿ ಹೆಚ್ಚಿದ್ದೇನು, ಕಡಿಮೆಯಾದದ್ದೇನು, ಪರೀಕ್ಷಿಸಿದವರು ಯಾರು, ಬೀಜ ಯಾರ ಕೈಯಲ್ಲಿದೆ, ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿ, ಸರಿಯಾದ ಉತ್ತರ ಬಂದರೆ ಕೊಳ್ಳೋಣ. ಅಲ್ಲಿಯವರೆಗೆ ಮಕ್ಕಳ ಕಣ್ಣಿಗೆ ಬೇಕಾದದ್ದು ಸೊಪ್ಪಿನವಳ ಬುಟ್ಟಿಯಲ್ಲಿ ಸಿಗುತ್ತದೆ. ಸೊಪ್ಪು ಸೋಸುವುದಕ್ಕೆ ಅರ್ಧ ಗಂಟೆ ಬೇಕು. ಮನೆಯವರೆಲ್ಲ ಒಟ್ಟಿಗೆ ಕುಳಿತರೆ ಹತ್ತೇ ನಿಮಿಷ.